ಊರು ಬಿಡುವ ಮುಂಚಿನ ಬಾಲ್ಯವನ್ನು ಬರೆಯುವುದು ಹೇಗೆ: ನಿಧಾನದ ಓದಿನಿಂದ ಶುರುಮಾಡುವ ಸಮಗ್ರ ಮಾರ್ಗದರ್ಶಿ

ನಾನು ಹುಟ್ಟಿದ್ದು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. 12 ವರ್ಷ ಅಲ್ಲೇ ಬೆಳೆದು, 1988ರ ಆಗಸ್ಟ್‌ನಲ್ಲಿ ಅಪ್ಪ ಅವ್ವನ ಜೊತೆ ಕೆನಡಾಕ್ಕೆ ಹೋದೆ. ಮೂವತ್ತು ವರ್ಷ ಕಳೆದ ಮೇಲೆ ವಾಪಸು ಬಂದು ಮೈಸೂರಿನ ಸರಸ್ವತಿಪುರಂನಲ್ಲಿ ಮನೆ ಮಾಡಿದೆ. ಬಂದ ವರ್ಷವೇ ಬಾಲ್ಯದ ನೆನಪುಗಳನ್ನು ಬರೆಯಲು ಕೂತೆ. ನಲವತ್ತು ಪುಟ ಆಯಿತು. ಅದನ್ನು ಎತ್ತಿಕೊಂಡು ಊರಿಗೆ ಹೋಗಿ ದೊಡ್ಡವ್ವನಿಗೆ ಓದಿ ಹೇಳಿದೆ. ನಾನು ಬೆಳೆದದ್ದು ಅವರ ಕೈಯಲ್ಲಿ.

ದೊಡ್ಡವ್ವ ಸೊಪ್ಪು ಸೋಸುತ್ತಾ ಪೂರ್ತಿ ಕೇಳಿದರು. ಆಮೇಲೆ ಕೇಳಿದರು, "ಯಾರ ಮನೆ ಕತೆ ಮಗ ಇದು?"

ಅವರು ಕೊಂಕು ಮಾತಾಡಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದರು. ಆ ನಲವತ್ತು ಪುಟದಲ್ಲಿ ಹಸಿರು ಗದ್ದೆ ಇತ್ತು, ಬೆಳದಿಂಗಳ ಊಟ ಇತ್ತು, ಬಿಸಿ ಮುದ್ದೆ ಇತ್ತು, ಅಕ್ಕರೆ ಇತ್ತು. ಅವರ ಮನೆ ಮಾತ್ರ ಇರಲಿಲ್ಲ. ನಾಡಿನ ಯಾವ ಹಳ್ಳಿಗೆ ಬೇಕಾದರೂ ಹೊಂದುವಂಥ ಮಾತುಗಳನ್ನೇ ಬರೆದಿದ್ದೆ.

ನನಗೆ ನೆನಪು ಕಮ್ಮಿ ಇದೆ ಅಂತ ಅಂದುಕೊಂಡೆ. ಹಾಗಲ್ಲ ಅಂತ ಗೊತ್ತಾಗಲು ಎರಡು ವರ್ಷ ಬೇಕಾಯಿತು. ನನಗೆ ಕಮ್ಮಿ ಇದ್ದದ್ದು ಓದು. ಪುಸ್ತಕ ಬೇಕಾದಷ್ಟು ಓದಿದ್ದೆ, ಆದರೆ ಮುಂದೇನಾಯಿತು ಅಂತ ತಿಳಿಯಲು ಓಡಿ ಓಡಿ ಓದಿದ್ದೆ. ಅದೇ ಓಡುವ ಕಣ್ಣಿನಿಂದ ನನ್ನ ಬಾಲ್ಯವನ್ನೂ ನೋಡಿದ್ದೆ. ಒಂದು ವಾಕ್ಯದ ಮುಂದೆ ನಿಲ್ಲಲು ಬರದವರಿಗೆ ಒಂದು ನೆನಪಿನ ಮುಂದೆಯೂ ನಿಲ್ಲಲು ಬರುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯ ಅರ್ಧ ಭಾಗ ಓದುವುದರ ಬಗ್ಗೆಯೇ ಇದೆ. ಬರೆಯುವ ಆತುರ ಇರುವವರು ದಯವಿಟ್ಟು ಆ ಅರ್ಧವನ್ನು ಹಾರಿಸಬೇಡಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಗೆರೆ ಇರುವ 200 ಪುಟದ ನೋಟ್‌ಬುಕ್, ಪೆನ್ಸಿಲ್, ದಿನಕ್ಕೆ ಅರ್ಧ ಗಂಟೆ. ಒಟ್ಟು ಮೂರು ತಿಂಗಳು ಅಂತ ಇಟ್ಟುಕೊಳ್ಳಿ.

ಹೆಜ್ಜೆ 1: ಎರಡು ಪುಟ ಆರಿಸಿ

ಇಡೀ ಪುಸ್ತಕ ಬೇಡ. ಒಬ್ಬರು ತಮ್ಮ ಬಾಲ್ಯದ ಬಗ್ಗೆ ಕನ್ನಡದಲ್ಲಿ ಬರೆದ ಗದ್ಯದಿಂದ ಎರಡೇ ಪುಟ ಸಾಕು. ಆದಷ್ಟೂ ನಿಮ್ಮ ಸೀಮೆಯವರದ್ದೇ ಇರಲಿ. ಮಂಡ್ಯದ ಮಾತು ಪುಟದ ಮೇಲೆ ಹೇಗೆ ಕೂರುತ್ತದೆ ಅಂತ ನೋಡಬೇಕಾದರೆ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣ ಅವರ ಕತೆಗಳನ್ನು ಹುಡುಕಿ. ಅವರು ವೃತ್ತಿಯಲ್ಲಿ ಡಾಕ್ಟರ್, ಹಳ್ಳಿಯವರ ಮಾತನ್ನು ಹತ್ತಿರದಿಂದ ಕೇಳಿದವರು. ದೂರ ಹೋದ ಮೇಲೆ ಕನ್ನಡದಲ್ಲಿ ಬರೆಯಲು ಆಗುತ್ತದಾ ಅನ್ನುವ ಅಂಜಿಕೆ ಇದ್ದರೆ ಎ.ಕೆ. ರಾಮಾನುಜನ್ ಅವರನ್ನು ನೆನೆಸಿಕೊಳ್ಳಿ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಶಿಕಾಗೋದಲ್ಲಿ ಪಾಠ ಹೇಳುತ್ತಾ, ಕನ್ನಡದಲ್ಲೂ ಬರೆಯುತ್ತಲೇ ಇದ್ದರು.

ಪುಟಗಳನ್ನು ಕಾಗದದ ಮೇಲೆ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಬೆರಳು ತಾನಾಗಿಯೇ ಮುಂದಕ್ಕೆ ತಳ್ಳುತ್ತದೆ.

ಹೆಜ್ಜೆ 2: ಗಟ್ಟಿಯಾಗಿ ಓದಿ

ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ನಮ್ಮನ್ನು ಓದಿಸಿದ್ದು ಹೇಗೆ? ಗಟ್ಟಿಯಾಗಿ, ಒಂದೊಂದು ಪದದ ಕೆಳಗೆ ಬೆರಳಿಟ್ಟು. ದೊಡ್ಡವರಾದ ಮೇಲೆ ಅದನ್ನು ಬಿಟ್ಟೆವು. ಬರೆಯುವವರು ಮತ್ತೆ ಅಲ್ಲಿಗೇ ಹೋಗಬೇಕು.

ನಮ್ಮ ಕಡೆ ಇದಕ್ಕೆ ಇನ್ನೂ ಹಳೆಯ ದಾರಿ ಇದೆ. ಊರಿನಲ್ಲಿ 'ಭಾರತ ಓದಿಸುವುದು' ಅಂತ ಇತ್ತಲ್ವಾ? ಮಳೆ ತಡವಾದರೆ ಮಹಾಭಾರತದ ವಿರಾಟಪರ್ವ ಓದಿಸುತ್ತಿದ್ದರು. ಒಬ್ಬರು ಪದ್ಯವನ್ನು ರಾಗವಾಗಿ ಹೇಳುವುದು, ಇನ್ನೊಬ್ಬರು ನಿಲ್ಲಿಸಿ ಅರ್ಥ ಬಿಡಿಸುವುದು. ಗಮಕ ವಾಚನ, ವ್ಯಾಖ್ಯಾನ ಅಂದರೆ ಇದೇ. ಒಂದು ಪದ್ಯಕ್ಕೆ ಹತ್ತು ನಿಮಿಷ ಹಿಡಿದರೂ ಜಗಲಿ ಮೇಲೆ ಕೂತವರು ಎದ್ದು ಹೋಗುತ್ತಿರಲಿಲ್ಲ. ಓದು ಬಾರದವರೂ ಆ ಸಾಲಿನಲ್ಲಿ ಯಾವ ಪದ ಯಾಕೆ ಬಂತು ಅಂತ ಮಾತಾಡುತ್ತಿದ್ದರು. ಗಮನ ಕೊಟ್ಟು ಓದುವುದು ಹೊರಗಿನಿಂದ ಕಲಿಯಬೇಕಾದ ವಿದ್ಯೆ ಅಂತ ನಾನು ಬಹಳ ವರ್ಷ ನಂಬಿದ್ದೆ. ಅದು ನಮ್ಮ ಜಗಲಿಯ ಮೇಲೇ ಇತ್ತು.

ಈಗ ನೀವು ಮಾಡಬೇಕಾದ್ದು ಇಷ್ಟು. ಆರಿಸಿದ ಎರಡು ಪುಟವನ್ನು ಗಟ್ಟಿಯಾಗಿ ಓದಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಕೇಳಿ. ಎಲ್ಲಿ ಉಸಿರು ತೆಗೆದುಕೊಂಡಿರಿ, ಎಲ್ಲಿ ತಡವರಿಸಿದಿರಿ, ಎಲ್ಲಿ ದನಿ ಇಳಿಯಿತು, ಪೆನ್ಸಿಲ್‌ನಿಂದ ಗುರುತು ಹಾಕಿ. ಮೂರು ದಿನ ಅದೇ ಎರಡು ಪುಟ. ಎರಡನೇ ದಿನ ಬೇಜಾರಾಗುತ್ತದೆ. ಮೂರನೇ ದಿನ, ಮೊದಲು ಕಾಣದೇ ಇದ್ದ ಒಂದು ಪದ ಕಾಣುತ್ತದೆ.

ಕನ್ನಡ ಓದು ತುಕ್ಕು ಹಿಡಿದಿದೆ, ಒತ್ತಕ್ಷರದಲ್ಲಿ ಎಡವುತ್ತೇನೆ ಅನ್ನುವವರು ನಾಚಿಕೊಳ್ಳಬೇಡಿ. ನನಗೂ ಹಾಗೇ ಆಗಿತ್ತು. ನಿಧಾನಕ್ಕೆ ಓದಲೇಬೇಕಾದವರಿಗೆ ಈ ಹೆಜ್ಜೆ ಜಾಸ್ತಿ ಫಲ ಕೊಡುತ್ತದೆ.

ಹೆಜ್ಜೆ 3: ಕಾಪಿ ಬರೆಯಿರಿ, ಆಮೇಲೆ ಉಕ್ತಲೇಖನ

ಒಂದು ಪ್ಯಾರಾವನ್ನು ಕೈಯಿಂದ ನೋಟ್‌ಬುಕ್‌ಗೆ ಇಳಿಸಿ. ಅಲ್ಪವಿರಾಮವನ್ನೂ ಬಿಡಬೇಡಿ. ಮಾರನೇ ದಿನ ಮನೆಯವರ ಕೈಯಲ್ಲಿ ಅದೇ ಪ್ಯಾರಾ ಓದಿಸಿ, ಕೇಳಿಕೊಂಡು ಬರೆಯಿರಿ. ಯಾರೂ ಇಲ್ಲದಿದ್ದರೆ ನಿಮ್ಮದೇ ರೆಕಾರ್ಡಿಂಗ್ ಹಾಕಿಕೊಳ್ಳಿ. ಒಂದು ವಾರ ಬಿಟ್ಟು, ಏನನ್ನೂ ನೋಡದೆ ನೆನಪಿನಿಂದ ಬರೆಯಿರಿ. ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಪಾಠ ಇರುವುದು ತಪ್ಪುಗಳಲ್ಲಿ. ಲೇಖಕರು ಬರೆದ ಪದದ ಜಾಗದಲ್ಲಿ ನೀವು ನಿಮ್ಮ ಪದ ಹಾಕಿರುತ್ತೀರಿ. ನನ್ನ ಕೈಯಲ್ಲಿ 'ತೂಬು' ಹೋಗಿ 'ಗೇಟು' ಆಗಿತ್ತು. 'ಬದ' ಹೋಗಿ 'ದಾರಿ' ಆಗಿತ್ತು. ಗದ್ದೆಯ ಬದದ ಮೇಲೆ ಓಡಾಡಿ ಬೆಳೆದವಳು ನಾನು!

ಇದು ಯಾಕೆ ಆಗುತ್ತದೆ ಅನ್ನುವುದಕ್ಕೆ ಹಳೆಯದೊಂದು ಪ್ರಯೋಗ ಇದೆ. ಕೇಂಬ್ರಿಜ್‌ನ ಮನಃಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಅದನ್ನು ವಿವರವಾಗಿ ಬರೆದರು. ಅಮೆರಿಕದ ಮೂಲನಿವಾಸಿಗಳ ಒಂದು ಕತೆಯನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ಮತ್ತೆ ಮತ್ತೆ ನೆನಪಿನಿಂದ ಹೇಳಿಸಿದರು. ಕತೆ ಸಲ ಸಲಕ್ಕೂ ಚಿಕ್ಕದಾಯಿತು. ಗುರುತಿಲ್ಲದ್ದು ಉದುರಿತು. ಉಳಿದದ್ದೂ ಓದಿದವರ ಲೋಕಕ್ಕೆ ಹೊಂದಿಕೊಂಡಿತು, ಆ ಜನರ 'ಕನೂ' ಅನ್ನುವ ಸಪೂರ ದೋಣಿ ಬರೀ 'ದೋಣಿ' ಆಯಿತು. ಯಾರೂ ಬೇಕಂತ ಬದಲಾಯಿಸಲಿಲ್ಲ. ನೆನಪು ಕೆಲಸ ಮಾಡುವುದೇ ಹಾಗೆ, ಪ್ರತಿ ಸಲವೂ ಹೊಸದಾಗಿ ಕಟ್ಟುತ್ತದೆ. ಕೈಗೆ ಸಿಕ್ಕ ಇಟ್ಟಿಗೆಯಿಂದ ಕಟ್ಟುತ್ತದೆ.

ಪರದೇಶದಲ್ಲಿ ಮೂವತ್ತು ವರ್ಷ ಇದ್ದವರ ಕೈಗೆ ಸಿಗುವ ಇಟ್ಟಿಗೆ ಯಾವುದು ಹೇಳಿ. ಅದಕ್ಕೇ ಬೇರೆಯವರ ಎರಡು ಪುಟದಲ್ಲಿ ನೀವು ಎಲ್ಲೆಲ್ಲಿ ಪದ ಬದಲಿಸಿದಿರಿ ಅಂತ ಪಟ್ಟಿ ಮಾಡಿ. ನಿಮ್ಮ ಸ್ವಂತ ನೆನಪಿನಲ್ಲೂ ಅಲ್ಲೇ ಬದಲಾಗಿರುತ್ತದೆ.

ಹೆಜ್ಜೆ 4: ಕ್ರಿಯಾಪದಗಳನ್ನು ಓದಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ಕಳೆಯಿರಿ. ಕನ್ನಡ ವಾಕ್ಯದ ಜೀವ ಸಾಮಾನ್ಯವಾಗಿ ಕೊನೆಯ ಪದದಲ್ಲಿ ಇರುತ್ತದೆ. ಓಡಿ ಓದುವವರು ಬೇಗ ಹಾರಿಸುವುದೂ ಅದನ್ನೇ.

ಪೆನ್ಸಿಲ್ ತೆಗೆದುಕೊಂಡು ನಿಮ್ಮ ಎರಡು ಪುಟದಲ್ಲಿ 'ತ್ತಿದ್ದ' ಬರುವ ಕಡೆಯೆಲ್ಲ ಅಲೆಗೆರೆ ಎಳೆಯಿರಿ. ಹೋಗುತ್ತಿದ್ದೆವು, ತಿನ್ನುತ್ತಿದ್ದೆವು, ಹೇಳುತ್ತಿದ್ದರು. ಇದು ರೂಢಿಯ ಮಾತು, ದಿನಾ ನಡೆದದ್ದು. ಹೋದೆವು, ತಿಂದೆವು, ಹೇಳಿದರು ಎಂಬುದಕ್ಕೆ ನೇರ ಗೆರೆ. ಇದು ಒಂದು ದಿನ ನಡೆದದ್ದು. ಒಳ್ಳೆಯ ಲೇಖಕರು ಅಲೆಗೆರೆಯಿಂದ ನೇರ ಗೆರೆಗೆ ಎಲ್ಲಿ ದಾಟುತ್ತಾರೆ ಅಂತ ನೋಡಿ. ಅದು ಕತೆಯ ಬಾಗಿಲು.

ಆಮೇಲೆ ನಿಮ್ಮ ಹಳೆಯ ಬರಹಕ್ಕೂ ಗೆರೆ ಹಾಕಿ. ನನ್ನ ನಲವತ್ತು ಪುಟದ ಉದ್ದಕ್ಕೂ ಅಲೆಯೇ. "ನಾವು ನಾಲೆಗೆ ಹೋಗುತ್ತಿದ್ದೆವು. ಈಜುತ್ತಿದ್ದೆವು. ಕಬ್ಬು ಮುರಿದು ತಿನ್ನುತ್ತಿದ್ದೆವು." ಸುಳ್ಳೇನಲ್ಲ. ಆದರೆ ಓದುವವರಿಗೆ ಕಾಲಿಡಲು ಒಂದು ದಿನವೂ ಇಲ್ಲ. ಅದನ್ನೇ ಹೀಗೆ ಬರೆದು ನೋಡಿ: "ಒಂದು ಮಧ್ಯಾಹ್ನ ನಾಲೆಗೆ ಹೋದೆವು. ನೀರು ಇರಲಿಲ್ಲ." ತಕ್ಷಣ ಏನೋ ಶುರುವಾಯಿತು, ಅಲ್ವಾ? ಊರು ಬಿಟ್ಟವರು ರೂಢಿಯ ಕ್ರಿಯಾಪದಕ್ಕೆ ಬೇಗ ಒಲಿಯುತ್ತಾರೆ, ಯಾಕೆಂದರೆ ಅದರಲ್ಲಿ ಕಾಲ ನಿಂತೇ ಇರುತ್ತದೆ, ಎಲ್ಲರೂ ಇನ್ನೂ ಅಲ್ಲೇ ಇರುತ್ತಾರೆ. ನನಗೂ ಅದನ್ನು ಬಿಡಲು ನೋವಾಯಿತು.

ಎರಡನೆಯದು, ಕ್ರಿಯಾಪದದ ಬಾಲ. ಒಬ್ಬ ಚಿಕ್ಕಪ್ಪ ಊರಿಂದ ಹೋದ ಅಂತ ಇಟ್ಟುಕೊಳ್ಳಿ. 'ಹೋದ' ಅಂದರೆ ಸುದ್ದಿ. 'ಹೊರಟುಹೋದ' ಅಂದರೆ ಹಿಂದೆ ಒಂದು ಖಾಲಿ ಜಾಗ. 'ಹೋಗಿಬಿಟ್ಟ' ಅಂದರೆ ತಡೆಯಲು ಆಗಲಿಲ್ಲ ಅನ್ನುವ ಸಂಕಟ. 'ಹೋಗಿಯೇ ಹೋದ' ಅಂದರೆ ಬೇಡ ಅಂದವರು ಇದ್ದರು. ಅದೇ ರೀತಿ ಅತ್ತೆ ಸೀರೆ ಮಡಿಚಿಟ್ಟರೋ, ಮಡಿಚಿಕೊಂಡರೋ, ಮಡಿಚಿಕೊಟ್ಟರೋ? ಒಂದು ನಾಳೆಗೆ, ಒಂದು ತಮಗೆ, ಒಂದು ಇನ್ನೊಬ್ಬರಿಗೆ. ದುಃಖ, ಪ್ರೀತಿ ಅಂತ ಹೆಸರಿಟ್ಟು ಹೇಳಬೇಕಾಗಿಲ್ಲ, ಈ ಬಾಲವೇ ಹೇಳುತ್ತದೆ. ನಿಮ್ಮ ಎರಡು ಪುಟದಲ್ಲಿ ಇಂಥ ಹತ್ತು ಬಾಲ ಹುಡುಕಿ, ಪ್ರತಿಯೊಂದನ್ನೂ ಕಿತ್ತು ವಾಕ್ಯವನ್ನು ಓದಿ ನೋಡಿ. ಏನು ಹೋಯಿತು ಅಂತ ಪಕ್ಕದಲ್ಲಿ ಬರೆಯಿರಿ.

ಮೂರನೆಯದು ನನಗೆ ಬಹಳ ಇಷ್ಟ. 'ಅಂತೆ'. "ನಾನು ಹುಟ್ಟಿದ ರಾತ್ರಿ ಜೋರು ಮಳೆ ಬಂದಿತ್ತು" ಅಂತ ನಾನು ಬರೆದಿದ್ದೆ. ನಾನು ನೋಡಿದೆನಾ? ಇಲ್ಲ. "ಬಂದಿತ್ತಂತೆ" ಅನ್ನಬೇಕು. ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವಿನ ಗೆರೆಯನ್ನು ಎರಡೇ ಅಕ್ಷರದಲ್ಲಿ ಎಳೆಯುವ ಸೌಕರ್ಯ ನಮ್ಮ ಭಾಷೆಯಲ್ಲಿದೆ. ಬಾಲ್ಯದ ಬರವಣಿಗೆಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಸಾಮಾನ್ಯವಾಗಿ ಮೂರು ವರ್ಷದ ಒಳಗಿನದು ಯಾರಿಗೂ ನೆನಪಿರುವುದಿಲ್ಲ. ಇದೆ ಅನಿಸಿದರೆ ಅದು ಬಹುಪಾಲು ಮನೆಯವರು ಹೇಳಿ ಹೇಳಿ ಕೂರಿಸಿದ್ದು, ಇಲ್ಲವೇ ಫೋಟೋ ನೋಡಿ ಕೂತದ್ದು. ಅದನ್ನು ಎಸೆಯಬೇಡಿ, 'ಅಂತೆ' ಹಚ್ಚಿ ಇಟ್ಟುಕೊಳ್ಳಿ.

ಹೆಜ್ಜೆ 5: ವಸ್ತುಗಳ ಹೆಸರು ಹಿಡಿಯಿರಿ

ಈಗ ನಾಮಪದಗಳು. ನಿಮ್ಮ ಎರಡು ಪುಟದಲ್ಲಿ ಕೈಯಿಂದ ಮುಟ್ಟಬಹುದಾದ ವಸ್ತುಗಳ ಸುತ್ತ ದುಂಡಗೆ ಗೆರೆ ಹಾಕಿ. 'ಪಾತ್ರೆ' ಅಂತ ಇದೆಯೋ, 'ಗುಡಾಣ' ಅಂತ ಇದೆಯೋ? ಆಮೇಲೆ ನಿಮ್ಮ ನೆನಪಿನ ಒಂದು ಜಾಗ ತೆಗೆದುಕೊಂಡು, ಅಲ್ಲಿದ್ದ ವಸ್ತುಗಳನ್ನು ಮಾತ್ರ ಪಟ್ಟಿ ಮಾಡಿ. ವಾಕ್ಯ ಬೇಡ.

ಆಲೆಮನೆ ಅಂತ ಇಟ್ಟುಕೊಳ್ಳೋಣ. ಮಂಡ್ಯದವರೆಲ್ಲ ಬರೆಯುವುದು 'ಬೆಲ್ಲದ ಘಮ' ಅಂತ. ಅಲ್ಲಿ ನಿಂತು ನೋಡಿ. ಗಾಣದಿಂದ ಬಂದ ಕಬ್ಬಿನ ಹಾಲು, ಕೊಪ್ಪರಿಗೆ, ಒಲೆಯ ಬಾಯಿ, ಬಿಸಿಲಿಗೆ ಹರಡಿದ ರಚ್ಚು (ಹಾಲು ಹಿಂಡಿದ ಕಬ್ಬಿನ ಸಿಪ್ಪೆ), ಕುದಿಯುವಾಗ ಮೇಲೆ ಬರುವ ಮಡ್ಡಿ, ಪಾಕ ಬಂತೋ ಇಲ್ಲವೋ ಅಂತ ನೀರಿಗೆ ಬಿಟ್ಟು ನೋಡುವ ಒಂದು ಹನಿ, ಅಚ್ಚು. ಒಲೆಗೆ ರಚ್ಚು ಹಾಕುವವರ ಮುಖ ಬೆಂಕಿಯ ಕಡೆ, ಬೆನ್ನು ನಮ್ಮ ಕಡೆ. ನನಗೆ ಆ ಬೆನ್ನು ಗೊತ್ತು, ಮುಖ ನೆನಪಿಲ್ಲ. ಪಟ್ಟಿ ಬರೆಯುವಾಗಲೇ ಇದು ಹೊಳೆಯಿತು. ಘಮದ ಬಗ್ಗೆ ಬರೆಯುತ್ತಾ ಕೂತಿದ್ದರೆ ಹೊಳೆಯುತ್ತಿರಲಿಲ್ಲ.

ಪದ ಸಿಗದಿದ್ದರೆ ಮೊದಲು ಮನುಷ್ಯರನ್ನು ಕೇಳಿ, ಆಮೇಲೆ ನಿಘಂಟು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ ಇದೆ. ಕಿಟೆಲ್ ಅವರ ನಿಘಂಟು 1894ರದ್ದು, ಹಳ್ಳಿಯ ಸಾಮಾನುಗಳ ಹೆಸರಿಗೆ ಇವತ್ತಿಗೂ ಉಪಯೋಗ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿಯಲ್ಲಿ ಹಲವು ನಿಘಂಟುಗಳು ಪುಕ್ಕಟೆ ಸಿಗುತ್ತವೆ, ಪರದೇಶದಲ್ಲಿ ಇರುವವರಿಗೂ ಅನುಕೂಲ. ಆದರೆ ನಿಘಂಟಿನಲ್ಲಿ ಸಿಕ್ಕ ಪದ ನಿಮ್ಮ ಮನೆಯ ಪದವೇ ಆಗಿರಬೇಕಾಗಿಲ್ಲ. ನಮ್ಮನೆಯಲ್ಲಿ ಮುದ್ದೆಗೆ 'ಹಿಟ್ಟು' ಅಂತಲೇ ಅನ್ನುತ್ತಿದ್ದರು. "ಹಿಟ್ಟು ಉಂಡ್ಯಾ ಮಗ?" ಮುದ್ದೆ ಅಂತ ಬರೆದ ಕೂಡಲೇ ಅದು ಬೇರೆ ಮನೆ ಆಗುತ್ತದೆ. ಹಳಬರು ವಿ.ಸಿ. ನಾಲೆಗೆ, ಅಂದರೆ ವಿಶ್ವೇಶ್ವರಯ್ಯ ನಾಲೆಗೆ, 'ಇರ್ವಿನ್ ನಾಲೆ' ಅನ್ನುತ್ತಿದ್ದರು, ಮೊದಲು ಅದಕ್ಕೆ ಇದ್ದ ಹೆಸರು ಅದೇ. ಯಾರ ಬಾಯಲ್ಲಿ ಯಾವ ಹೆಸರು ಬಂತು ಅನ್ನುವುದರಿಂದಲೇ ಅವರ ವಯಸ್ಸು ಗೊತ್ತಾಗುತ್ತದೆ.

ಮೈಸೂರಿನಲ್ಲಿ ಬೆಳೆದವರಿಗೆ ಒಂದು ಮಾತು. ಅರಮನೆ ದೀಪ, ಜಂಬೂಸವಾರಿ ಎಲ್ಲರವು. ಅವುಗಳ ಮುಂದೆ ನಿಮ್ಮ ನೆನಪು ಸೋಲುತ್ತದೆ. ದಸರಾ ಮುಗಿದ ಮಾರನೇ ದಿನ ನಿಮ್ಮ ಬೀದಿ ಹೇಗಿತ್ತು, ಬೊಂಬೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಇಡುವಾಗ ಯಾವ ಬೊಂಬೆ ಮೊದಲು ಹೋಗುತ್ತಿತ್ತು, ವಠಾರದ ನಲ್ಲಿಯಲ್ಲಿ ಕೊಡ ಇಡುವ ಸರದಿ ಹೇಗೆ ನಡೆಯುತ್ತಿತ್ತು, ಅಲ್ಲಿಂದ ಶುರುಮಾಡಿ.

ಹೆಜ್ಜೆ 6: ಏನು ಬಿಟ್ಟಿದ್ದಾರೆ ನೋಡಿ

ಇದು ಸಣ್ಣ ಹೆಜ್ಜೆ. ಆರಿಸಿದ ಎರಡು ಪುಟದಲ್ಲಿ ಲೇಖಕರು ಹೇಳಬಹುದಾಗಿದ್ದು ಹೇಳದೇ ಇರುವ ಐದು ಸಂಗತಿ ಬರೆಯಿರಿ. ಅಮ್ಮನ ಮುಖ ಹೇಗಿತ್ತು ಅಂತ ಇಲ್ಲವಾ? ಆ ವರ್ಷ ಯಾವುದು ಅಂತ ಇಲ್ಲವಾ? ಇಲ್ಲದಿದ್ದರೂ ನಿಮಗೆ ಕೊರತೆ ಅನಿಸಲಿಲ್ಲ ಅಂದರೆ, ನೀವೂ ಬಿಡಬಹುದು ಅಂತ ಅರ್ಥ.

ಹೆಜ್ಜೆ 7: ನಿಮ್ಮ ನೆನಪಿನ ಹತ್ತಿರ ಬನ್ನಿ

ಇಷ್ಟು ಹೊತ್ತಿಗೆ ಆರೇಳು ವಾರ ಆಗಿರುತ್ತದೆ. ಈಗ ನೋಟ್‌ಬುಕ್ ತಿರುಗಿಸಿ, ಹಿಂದಿನ ಪುಟದಿಂದ ಶುರುಮಾಡಿ.

ಮೊದಲು ಮನೆಯ ನಕ್ಷೆ ಬರೆಯಿರಿ. ಅಂದ ಬೇಕಾಗಿಲ್ಲ. ಬಾಗಿಲು, ಒಲೆ, ಒರಳು, ಕೊಟ್ಟಿಗೆ, ಮಲಗುವ ಜಾಗ. ಯಾರು ಎಲ್ಲಿ ಮಲಗುತ್ತಿದ್ದರು ಅಂತ ಹೆಸರು ಹಾಕಿ. ಆಮೇಲೆ ಮನೆಯಿಂದ ಸ್ಕೂಲಿಗೆ ಹೋಗುವ ದಾರಿ. ನಕ್ಷೆಯಲ್ಲಿ ಎಲ್ಲಿ ಕೈ ನಿಲ್ಲುತ್ತದೋ, ಆ ಜಾಗಕ್ಕೆ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ. ತುಂಬಿಸಲು ಕಷ್ಟಪಡಬೇಡಿ.

ಎರಡನೆಯದಾಗಿ ಕಾಲಕ್ಕೆ ಗೂಟ ಹೊಡೆಯಿರಿ. ನಮಗೆ ಇಸವಿ ನೆನಪಿರುವುದಿಲ್ಲ, ಲೋಕದ ಸುದ್ದಿ ನೆನಪಿರುತ್ತದೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆ ಆಯಿತು. ಆವತ್ತು ಸ್ಕೂಲಿಂದ ಬೇಗ ಕಳಿಸಿದರಾ? ಆಗ ಯಾವ ಕ್ಲಾಸು? ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆಯ ರಾಮಾಯಣ ಧಾರಾವಾಹಿ ಶುರುವಾದದ್ದು 1987ರ ಜನವರಿಯಲ್ಲಿ, ಮುಗಿದದ್ದು 1988ರ ಜುಲೈನಲ್ಲಿ. ಒಂದು ಘಟನೆ ಅದರ ಮುಂಚೆಯೋ, ಆಮೇಲೋ ಅಂತ ಕೇಳಿಕೊಂಡರೆ ಸಾಕು, ನಿಮ್ಮ ವಯಸ್ಸು ಸಿಗುತ್ತದೆ. ವಯಸ್ಸು ಸಿಕ್ಕರೆ ಎತ್ತರ ಸಿಗುತ್ತದೆ. ಎತ್ತರ ಸಿಕ್ಕರೆ ಆವತ್ತು ನಿಮ್ಮ ಕಣ್ಣಿಗೆ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ ಅಂತ ಗೊತ್ತಾಗುತ್ತದೆ.

ಮೂರನೆಯದು ವಾಸನೆ. ನೋಟ, ಶಬ್ದಗಳ ಸುದ್ದಿ ಮೆದುಳಿನ ನಡುವಿನ ಒಂದು ಠಾಣೆಯನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ವಾಸನೆಗೆ ಆ ಠಾಣೆ ಇಲ್ಲ, ನೆನಪಿನ ಮತ್ತು ಭಾವನೆಯ ಭಾಗಗಳಿಗೆ ಹತ್ತಿರದ ದಾರಿಯಲ್ಲೇ ಹೋಗುತ್ತದೆ. ಐದನೇ ಕ್ಲಾಸಿನಿಂದ ನಾನು ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗಿ ಓದಿದೆ. 1933ರಲ್ಲಿ ಹುಟ್ಟಿದ ಮೈಷುಗರ್ ಕಾರ್ಖಾನೆಯ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಅದರ ವಾಸನೆ ಬಂದರೆ ಮಂಡ್ಯ ಬಂತು ಅಂತ ಗೊತ್ತು. ಕೆನಡಾದಲ್ಲಿ ಒಮ್ಮೆ ಒಂದು ಅಂಗಡಿಯಲ್ಲಿ ಕಾಕಂಬಿಯ ಡಬ್ಬ ತೆಗೆದು ಮೂಸಿದೆ. ಬಸ್ಸಿನ ಕಿಟಕಿಯ ಸರಳು, ಪಕ್ಕದವರ ಮಡಿಲಲ್ಲಿದ್ದ ಹೂಕೋಸು, ಕಂಡಕ್ಟರ್ ಕೂಗು, ಎಲ್ಲ ಬಂತು. ನಿಮಗೆ ಸಿಗುವ ವಾಸನೆಗಳನ್ನು ಹುಡುಕಿಕೊಂಡು ಹೋಗಿ. ಹುಚ್ಚೆಳ್ಳು ಹುರಿಯಿರಿ. ಸೀಮೆಎಣ್ಣೆ ಸಿಕ್ಕರೆ ಮೂಸಿ. ಬಂದದ್ದನ್ನು ಆಗಲೇ ಬರೆದುಕೊಳ್ಳಿ, ಸಂಜೆಗೆ ಇಡಬೇಡಿ.

ಹೆಜ್ಜೆ 8: ಒಂದು ದಿನ ಬರೆಯಿರಿ

ಬಾಲ್ಯ ಅಂತ ಬರೆಯಬೇಡಿ. ಒಂದು ದಿನದ ಒಂದು ಗಂಟೆ ಬರೆಯಿರಿ, ಒಂದು ಪುಟದಲ್ಲಿ. ನಾನು ಆರಿಸಿದ್ದು ಹಗೇವು ತೆಗೆದ ದಿನ.

ಹಗೇವು ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಚಿಕ್ಕದು, ಒಳಗೆ ಅಗಲ. ಮುಚ್ಚಿಟ್ಟರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಉಸಿರಾಡಿ ಆಮ್ಲಜನಕ ಮುಗಿದಿರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ತೆಗೆದ ತಕ್ಷಣ ಇಳಿದರೆ ಜೀವಕ್ಕೇ ಅಪಾಯ. ಅದಕ್ಕೆ ಮೊದಲು ದೀಪ ಇಳಿಬಿಟ್ಟು ನೋಡುವುದು.

ನಾನು ಬರೆದದ್ದು ಹೀಗಿತ್ತು:

"ಆವತ್ತು ಹಗೇವಿನ ಬಾಯಿ ತೆಗೆದರು. ನನ್ನನ್ನು ಹತ್ತಿರ ಬಿಡಲಿಲ್ಲ. ದೊಡ್ಡಪ್ಪ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಎಲ್ಲರೂ ಸುಮ್ಮನಾದರು. ದೀಪ ಆರಿಹೋಯಿತು. 'ಇನ್ನೊಂದು ಗಳಿಗೆ ಬುಡಿ' ಅಂದರು ಯಾರೋ. ಒಳಗೆ ದೀಪ ತಿನ್ನುವುದು ಏನೋ ಇದೆ ಅಂತ ನನಗೆ ಗೊತ್ತಾಯಿತು."

ಇಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೆ, ನೀವೂ ಇಟ್ಟುಕೊಳ್ಳಿ. ಆ ಮಗುವಿಗೆ ಗೊತ್ತಿದ್ದಷ್ಟೇ ಬರೆಯುವುದು. ಇಂಗಾಲದ ಡೈಆಕ್ಸೈಡ್ ನನಗೆ ಆಗ ಗೊತ್ತಿರಲಿಲ್ಲ. ನಾಲೆಯ ಬಗ್ಗೆ ಬರೆಯುವಾಗಲೂ ಅಷ್ಟೇ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು ಅಂತ ದೊಡ್ಡವಳಾದ ಮೇಲೆ ಓದಿದೆ. ಮಗುವಾಗಿದ್ದಾಗ ಗೊತ್ತಿದ್ದದ್ದು, ನೀರು ಬಂದರೆ ದೊಡ್ಡಪ್ಪ ರಾತ್ರಿ ಗದ್ದೆಗೆ ಹೋಗುತ್ತಾರೆ, ಬರದಿದ್ದರೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ ಅನ್ನುವುದು. ದೊಡ್ಡವರ ತಿಳಿವಳಿಕೆ ಬೇಕೇಬೇಕು ಅನಿಸಿದರೆ ಒಂದು ಬರಹಕ್ಕೆ ಒಂದು ಕಡೆ ಸಾಕು.

ವಾರಕ್ಕೆ ಒಂದು ಪುಟ. ಆರು ವಾರಕ್ಕೆ ಆರು ಗಂಟೆ, ಆರು ಬೇರೆ ಬೇರೆ ದಿನ.

ಹೆಜ್ಜೆ 9: ಹೊರಟ ದಿನವನ್ನು ಕೊನೆಗೆ ಇಡಿ

ಊರು ಬಿಟ್ಟವರೆಲ್ಲ ಅಲ್ಲಿಂದಲೇ ಶುರುಮಾಡುತ್ತಾರೆ. ನಾನೂ ಮಾಡಿದ್ದೆ. ಬೇಡ ಅನ್ನುವುದಕ್ಕೆ ಕಾರಣ ಇದೆ. ಆ ದಿನದ ದುಃಖ ದೊಡ್ಡದು, ಮೊದಲೇ ಬರೆದರೆ ಉಳಿದ ದಿನಗಳೆಲ್ಲ ಅದರ ಬಣ್ಣಕ್ಕೆ ತಿರುಗುತ್ತವೆ. ಹಗೇವು ತೆಗೆದ ದಿನ ನನಗೆ ಊರು ಬಿಡುತ್ತೇನೆ ಅಂತ ಗೊತ್ತಿರಲಿಲ್ಲ. ಆ ದಿನಕ್ಕೆ ಆ ತಿಳಿಯದಿರುವಿಕೆಯನ್ನು ಉಳಿಸಿಕೊಡಬೇಕು.

ಬರೆಯುವಾಗ 'ನಾನು ಅತ್ತುಬಿಟ್ಟೆ' ಅಂತ ಬರೆಯದೆ ಮುಗಿಸಲು ನೋಡಿ. ಬದಲಿಗೆ ಯಾರು ಏನು ಮಾತಾಡಿದರು ಅಂತ ನೆನಪಿಸಿಕೊಳ್ಳಿ. ಮಂಡ್ಯದ ರೈಲ್ವೆ ಸ್ಟೇಷನ್ನಿನಲ್ಲಿ ನಾನು "ಹೋಗ್ತೀನಿ ದೊಡ್ಡವ್ವ" ಅಂದೆ. ಅವರು ನನ್ನ ಬಾಯಿಗೆ ಕೈ ಅಡ್ಡ ಇಟ್ಟರು. "ಬತ್ತೀನಿ ಅನ್ನು." ನಾನು "ಬತ್ತೀನಿ" ಅಂದೆ. ಹೊರಡುವಾಗ ಹೋಗುತ್ತೇನೆ ಅನ್ನಬಾರದು ಅಂತ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದನ್ನು ನಾನು ಮೂವತ್ತು ವರ್ಷ ಸುಮ್ನೆ ಒಂದು ರೂಢಿ ಅಂದುಕೊಂಡಿದ್ದೆ. ಹೆಜ್ಜೆ 4ರ ಪೆನ್ಸಿಲ್ ಕೈಗೆ ಬಂದ ಮೇಲೆ ಆ ಎರಡು ಕ್ರಿಯಾಪದಗಳ ನಡುವೆ ಅವರ ಕೈ ಕಾಣಿಸಿತು. ಅರಿಸಿನದ ಬಣ್ಣ ಹತ್ತಿದ ಬೆರಳು. ನನ್ನ ಮೊದಲ ನಲವತ್ತು ಪುಟದಲ್ಲಿ ಈ ಮಾತೇ ಇರಲಿಲ್ಲ. ಅಲ್ಲಿ ಇದ್ದದ್ದು "ಎಲ್ಲರ ಕಣ್ಣು ಒದ್ದೆಯಾಗಿದ್ದವು" ಅಂತ.

ಹೆಜ್ಜೆ 10: ಅಲ್ಲಿದ್ದವರಿಗೆ ಓದಿ ಹೇಳಿ

ಬರೆದದ್ದನ್ನು ಮೊದಲು ಗಟ್ಟಿಯಾಗಿ ನಿಮಗೆ ನೀವೇ ಓದಿ. ಅಲೆಗೆರೆ, ನೇರ ಗೆರೆ, ದುಂಡು ಗೆರೆ, ಎಲ್ಲ ಹಾಕಿ. ಆಮೇಲೆ ಆ ಮನೆಯಲ್ಲಿದ್ದ ಒಬ್ಬರಿಗಾದರೂ ಓದಿ ಹೇಳಿ. ಪರದೇಶದಲ್ಲಿದ್ದರೆ ಫೋನಿನಲ್ಲೇ ಆಗಲಿ. ಅವರಿಗೆ ವಯಸ್ಸಾಗಿದ್ದರೆ ಮೂರು ತಿಂಗಳು ಕಾಯಬೇಡಿ, ಈ ಹೆಜ್ಜೆಯನ್ನು ಮೊದಲಿಗೆ ತನ್ನಿ. ಅವರಿಗೆ ನೋವಾಗುವಂಥ ಮನೆಯ ಗುಟ್ಟು ಇದ್ದರೆ ಓದುವ ಮುಂಚೆಯೇ ಕೇಳಿ, ಬೇಡ ಅಂದರೆ ತೆಗೆದುಹಾಕಿ. ಇಬ್ಬರ ನೆನಪು ಬೇರೆ ಬೇರೆ ಇದ್ದರೆ ಜಗಳ ಬೇಡ, ಎರಡನ್ನೂ ಬರೆಯಿರಿ. ನಿಮ್ಮದು 'ಇತ್ತು', ಅವರದು 'ಇತ್ತಂತೆ'.

ಹಗೇವಿನ ಪುಟವನ್ನು ನಾನು ದೊಡ್ಡವ್ವನಿಗೆ ಓದಿದೆ. ಅವರು ಆವತ್ತು ಅವರೆಕಾಯಿ ಸುಲಿಯುತ್ತಿದ್ದರು. ಎರಡನೇ ಸಾಲಿಗೇ ಕೈ ನಿಂತಿತು.

"ಲಾಟೀನು ಎಲ್ಲಿತ್ತು ಮಗ ನಮ್ಮನೇಲಿ? ಬುಡ್ಡಿ ಕನ ಅದು, ಸೀಮೆಎಣ್ಣೆ ಬುಡ್ಡಿ. ನಿಮ್ಮ ದೊಡ್ಡಪ್ಪ ಅಲ್ಲ ಬುಟ್ಟಿದ್ದು, ನಿಮ್ಮಪ್ಪ. ನಿಮ್ಮ ದೊಡ್ಡಪ್ಪ ಅತ್ಲಾಗೆ ನಿಂತಿದ್ರು, ಹುಣಸೆಮರದ ತಾವು."

ನಾನು ಪೆನ್ಸಿಲ್ ತೆಗೆದೆ. ಲಾಟೀನನ್ನು ಹೊಡೆದುಹಾಕಿ ಬುಡ್ಡಿ ಅಂತ ಬರೆದೆ. ಅವರು ಅವರೆಕಾಯಿ ಮೊರವನ್ನು ಪಕ್ಕಕ್ಕೆ ಸರಿಸಿ, ಇನ್ನೊಂದು ಸಲ ಮೊದಲಿಂದ ಓದು ಅಂದರು.